ಮೂರು ಅಲಗಿನದೋ, ಎರಡು ಅಲಗಿನದೋ

ಹಳದಿ ಬಳಿದ ಆ ಮೂರು ತುದಿಗಳ ಮೇಲೆ ಬೆಳಗಿನ ಬಿಸಿಲು ಬಿದ್ದು ಹೇಗೆ ಮಿನುಗುತ್ತಿದೆ ನೋಡು, ಎಷ್ಟು ಚೆಂದ ಕಾಣುತ್ತದೆ ಹಾಳಾದ್ದು, ಅಂದುಕೊಳ್ಳುತ್ತಾಳೆ ತಂಗಿ, ಸ್ಪ್ಯಾನರ್ ಹಿಡಿದ ಕೈ ಸುಮ್ಮನೆ ನಿಂತಿದೆ, ಪಕ್ಕದಲ್ಲಿ ಇನ್ನೊಂದು, ಎರಡೇ ಅಲಗಿನದು, ಬರೀ ಮರದ್ದು, ಬಣ್ಣವಿಲ್ಲ ಬೆಡಗಿಲ್ಲ, ಅಡುಗೆಮನೆಯಿಂದ ತಪ್ಪಿ ಬಂದ ಸೌಟಿನ ಹಾಗೆ ಬೆಂಚಿನ ಮೇಲೆ ಬಿದ್ದುಕೊಂಡಿದೆ — ಯಾವ ಪ್ರೊಪೆಲ್ಲರ್ ಹಾಕಲಿ? ಶೆಡ್ಡಿನ ನಡುವೆ ಎರಡು ಸ್ಟೂಲುಗಳ ಮೇಲೆ ಅಣ್ಣನ ವಿಮಾನ, ಹಳೆಯ ಯುದ್ಧವಿಮಾನವೊಂದರ ನಕಲು, ಆಟಿಕೆ ಅಂದರೆ ಮೈಮೇಲೆ ಬರುತ್ತಾನೆ, ಆಟಿಕೆ ಅನ್ನುವುದಾದರೂ ಹೇಗೆ, ಅವಳು ಎರಡೂ ಕೈ ಚಾಚಿ ನಿಂತರೂ ರೆಕ್ಕೆಯ ಎರಡು ತುದಿ ಸಿಗುವುದಿಲ್ಲ, ಒಳಗೆ ಪೆಟ್ರೋಲ್ ಎಂಜಿನ್ ಬೇರೆ, ಆ ರೆಕ್ಕೆಗಳಿಗೆ ಬಟ್ಟೆ ಹೊದಿಸಿದವಳು ಅವಳೇ, ಇಸ್ತ್ರಿ ಸವರಿ ಬಿಗಿ ಮಾಡುವಾಗ ಅಣ್ಣ ಬೆನ್ನ ಹಿಂದೆ ನಿಂತು ಸುಟ್ಟೀಯ, ಸುಟ್ಟೀಯ ಅಂತ ಪ್ರಾಣ ತಿಂದಿದ್ದ, ಊರಿನವರ ಕೋಟುಗಳನ್ನೆಲ್ಲ ಹೊಲಿದು ಕಣ್ಣು ಸವೆಸಿದ ದರ್ಜಿಗೆ ಇಸ್ತ್ರಿ ಹಿಡಿಯುವುದನ್ನು ಹೇಳಿಕೊಡಲು ಬಂದಿದ್ದ ಮಹಾರಾಯ. ಗುಂಡಮ್ಮ, ಅಂಚು ನೋಡ್ಕೊಳ್ಳೇ. ಈಗ ಕಡ್ಡಿಯ ಹಾಗೆ ಆಗಿದ್ದಾಳೆ, ಆದರೂ ಅವನಿಗೆ ಅವಳಿನ್ನೂ ಗುಂಡಮ್ಮನೇ. ನೆಲದ ಮೇಲೆ ನಿಂತು ಕೈಯಲ್ಲಿ ರೇಡಿಯೋ ಪೆಟ್ಟಿಗೆ ಹಿಡಿದು ಅದರ ಮೇಲಿನ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಲ್ಲಿ ಒಂದಿಷ್ಟು ಸರಿಸಿದರೆ ಇಲ್ಲಿ ಬಾಲದ ಪಟ್ಟಿ ಏಳುತ್ತದೆ, ಇಳಿಯುತ್ತದೆ, ಎಲ್ಲವೂ ಆ ಹೆಬ್ಬೆರಳಿನಲ್ಲೇ — ಬಂತಲ್ಲ ಮನಸ್ಸು ಮತ್ತೆ ಅಲ್ಲಿಗೇ, ಬೇಡ ಬೇಡ ಅಂದರೂ.

ಮೊದಲ ಸಲ ಅಣ್ಣನ ಆ ಹೆಬ್ಬೆರಳು ಚಹಾ ಲೋಟದ ಮೇಲೆ ಟಕಟಕ ಅಂದಾಗ ಮೂವರೂ ನಕ್ಕಿದ್ದರು, ಏನ್ರೀ ತಬಲಾ ಕಲಿಯೋಕೆ ಶುರು ಮಾಡಿದ್ರಾ ಅಂತ ಅತ್ತಿಗೆ, ಹೂಂ, ಕಚೇರಿ ಇದೆ ಸಾಯಂಕಾಲ ಅಂತ ಅಣ್ಣ, ಆಮೇಲೆ ನಗು ನಿಂತಿತು, ಟಕಟಕ ನಿಲ್ಲಲಿಲ್ಲ, ಡಾಕ್ಟರು ಮುಖ ನೋಡದೆ ಹೇಳಿದರು, ಇದು ಹೆಚ್ಚಾಗುತ್ತಾ ಹೋಗುವುದೇ ಹೊರತು ಇಳಿಯುವಂಥದ್ದಲ್ಲ. ವಿಮಾನ ಇನ್ನೂ ಅರ್ಧವಾಗಿತ್ತು ಆಗ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದವನು ನಟ್ಟು ಬೋಲ್ಟು ಹೇಗೆ ಬಿಗಿಯುತ್ತಾನೆ, ಉಳಿದ ಕೆಲಸವೆಲ್ಲ ಅವಳ ತಲೆಗೆ ಬಂತು, ಅವನು ಸ್ಟೂಲಿನ ಮೇಲೆ ಕೂತು ಹೇಳುವುದು ಇವಳು ಮಾಡುವುದು, ಆದರೆ ಹಾರಿಸುವುದು ಮಾತ್ರ ನಾನೇ, ಇನ್ನೊಬ್ಬರ ಕೈಗೆ ಕೊಡೋ ಮಾತೇ ಇಲ್ಲ ಅಂದುಬಿಟ್ಟಿದ್ದಾನೆ, ಮೈದಾನದಲ್ಲಿ ಯಾರೂ ಇರದ ದಿನ ನೋಡಿ ಇವತ್ತನ್ನೇ ಗೊತ್ತು ಮಾಡಿದ್ದಾನೆ. ಇವತ್ತಲ್ಲದಿದ್ದರೆ ಮುಂದೆ ಆ ಬೆರಳು ಇಷ್ಟು ಮಾತನ್ನೂ ಕೇಳುವುದಿಲ್ಲ, ಅದು ಮೂವರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳಿಲ್ಲ. ನಿನ್ನೆ ಪಾತ್ರೆ ತೊಳೆಯುತ್ತಾ ಅತ್ತಿಗೆ, ನಲ್ಲಿ ಜೋರಾಗಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ — ಹೇಗಾದರೂ ಮಾಡಿ ಅದು ಏಳದ ಹಾಗೆ ಮಾಡೇ, ಕಣ್ಣೆದುರಿಗೇ ಬಿದ್ದು ಚೂರಾಯ್ತು ಅಂದ್ರೆ ವಿಮಾನ ಹಾಳಾಗಲಿ, ಇವರು ಮತ್ತೆ ಏಳಲ್ಲ. ಅವಳು ಒದ್ದೆ ತಟ್ಟೆ ಒರೆಸಿ ಇಟ್ಟಳು.

ಏಳದ ಹಾಗೆ ಮಾಡುವ ಸಾಮಾನು ಇಲ್ಲೇ ಕಣ್ಣೆದುರು ಮಿನುಗುತ್ತಿದೆಯಲ್ಲ. ಅಂಗಡಿಯವನು ಕೊಡುವಾಗಲೇ ಹೇಳಿದ್ದ, ಈ ಮೂರು ಅಲಗಿನದು ನೋಟಕ್ಕೆ, ಅಸಲಿ ವಿಮಾನದ್ದರ ಹಾಗೇ ಇದೆ, ಫೋಟೋ ತೆಗೆಸಿಕೊಳ್ಳುವಾಗ ಹಾಕಿ, ಹಾರಿಸುವಾಗ ತೆಗೆದು ಮರದ್ದು ಹಾಕಿ, ಎಲ್ಲರೂ ಹಾಗೇ ಮಾಡೋದು — ಮದುವೆಗೊಂದು ಅಂಗಿ, ಗೇಯ್ಮೆಗೊಂದು ಅಂಗಿ, ಅವಳಿಗೆ ಥಟ್ಟನೆ ಅರ್ಥವಾಗಿತ್ತು. ಇದರ ಅಲಗುಗಳ ಓರೆ ಹೆಚ್ಚು, ಈ ಎಂಜಿನ್ನಿಗೆ ಭಾರ, ದೊಡ್ಡ ಗೇರು ಹಾಕಿ ಸೈಕಲ್ಲನ್ನು ಏರು ಹತ್ತಿಸಿದ ಹಾಗೆ ಏದುಸಿರು ಬಿಡುತ್ತದೆ, ಹುಲ್ಲಿನ ಮೇಲಂತೂ ಓಡುತ್ತದೆ, ಓಡುತ್ತಲೇ ಇರುತ್ತದೆ, ನೆಲ ಬಿಡುವುದಿಲ್ಲ. ಮೈದಾನ ಮುಗಿಯುತ್ತದೆ, ಅಣ್ಣ ಎಂಜಿನ್ ಆರಿಸುತ್ತಾನೆ, ಛೆ, ಪ್ರೊಪೆಲ್ಲರ್ ಸರಿ ಇಲ್ಲ ಕಣೆ, ಇನ್ನೊಂದು ದಿನ ನೋಡೋಣ ಅನ್ನುತ್ತಾನೆ, ಆ ಇನ್ನೊಂದು ದಿನ ಬರುವುದೇ ಇಲ್ಲ, ವಿಮಾನ ಒಂದು ಗೀರೂ ಬೀಳದೆ ಶೆಡ್ಡಿನ ಸೂರಿಗೆ ನೇತುಬೀಳುತ್ತದೆ, ತಪ್ಪೆಲ್ಲ ಪ್ರೊಪೆಲ್ಲರಿನ ತಲೆಗೆ, ಬೆರಳು ಬಚಾವ್. ಅಷ್ಟಕ್ಕೂ ಅವನೇ ಹೇಳಿದ್ದಾನಲ್ಲ ಮೊನ್ನೆ, ಮೂರರದ್ದೇ ಹಾಕು, ಚೆನ್ನಾಗಿ ಕಾಣುತ್ತೆ ಅಂತ. ಅವನ ಮಾತನ್ನೇ ನಡೆಸಿಕೊಟ್ಟ ಹಾಗಾಯಿತು, ಇದರಲ್ಲಿ ಮೋಸ ಎಲ್ಲಿಂದ ಬಂತು — ಬಂದಿದೆ, ಗೊತ್ತಿದೆ, ಅದಕ್ಕೇ ಸ್ಪ್ಯಾನರ್ ಜಾರುತ್ತಿದೆ, ಆದರೂ ಕೂರಿಸಿದಳು, ಬೋಲ್ಟುಗಳನ್ನು ಒಂದೊಂದಾಗಿ ಬಿಗಿದಳು, ದೂರ ನಿಂತು ನೋಡಿದರೆ ಅಯ್ಯೋ, ಮದುವಣಗಿತ್ತಿಯ ಹಾಗೆ ನಿಂತಿದೆ ಮುಂಡೇದು.

ಯಾವಾಗ ಬಂದನೋ, ಬಾಗಿಲಲ್ಲಿ ಅಣ್ಣ, ಬಲಗೈ ಪ್ಯಾಂಟಿನ ಜೇಬಿನಲ್ಲಿ, ಈಚೆಗೆ ಅದು ಅಲ್ಲೇ ಇರುತ್ತದೆ, ಜೇಬಿನ ಬಟ್ಟೆ ಮಾತ್ರ ಮಿಡಿಯುತ್ತಿರುತ್ತದೆ. ಎಡಗೈಯಿಂದ ಒಂದು ಹಳದಿ ತುದಿಯನ್ನು ಸವರಿದ. ಅವಳು ಬೆಂಚಿನ ಮೇಲಿದ್ದ ಮರದ್ದನ್ನು ಸುಮ್ಮನೆ ಆಚೆ ಸರಿಸಿದಳು, ಕಾಣದಿರಲಿ ಅಂತ, ಕಂಡಿತು ಅವನಿಗೆ. ಇದು ಏಳಲ್ಲ ಅಲ್ವಾ ಗುಂಡಮ್ಮ, ಅಂದ. ನೀನೇ ಅಲ್ವಾ ಹೇಳಿದ್ದು, ಚೆನ್ನಾಗಿ ಕಾಣುತ್ತೆ ಅಂತ. ಹೂಂ, ನಾನೇ ಹೇಳಿದ್ದು, ಅಂದ, ಸ್ಟೂಲ್ ಎಳೆದುಕೊಂಡು ಕೂತ, ಏಳಲ್ಲ ಅಂತ ಗೊತ್ತಿದ್ದೇ ಹೇಳಿದ್ದು, ನನಗೂ ಭಯ ಕಣೆ. ಆರೇಳು ವರ್ಷದ ಕೆಲಸ, ಈ ಕೈಯಲ್ಲಿ... ಅದಕ್ಕೇ ನಿನ್ನ ಮೇಲೆ ಹಾಕಿದೆ. ಅತ್ತಿಗೆ ಒಂದು ಕಡೆಯಿಂದ, ಇವನು ಇನ್ನೊಂದು ಕಡೆಯಿಂದ, ನಡುವೆ ತಾನು, ಮೂವರೂ ಸೇರಿ ಒಂದು ಬೆರಳನ್ನು ಬಚ್ಚಿಡಲು ಹೊರಟಿದ್ದೇವಲ್ಲ, ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿದಳು. ಈಗ ಕಣ್ಣಾರೆ ನೋಡಿದ ಮೇಲೆ ಬೇಡ ಅನ್ನಿಸ್ತಿದೆ, ಅಂದ ಅವನು, ಬಿದ್ದರೆ ನನ್ನ ಕೈಯಿಂದಲೇ ಬಿತ್ತು ಅಂತಾಗಲಿ. ಪಾಪ, ಪ್ರೊಪೆಲ್ಲರ್ ಮೇಲೆ ಯಾಕೆ ಹಾಕೋದು. ಜೇಬಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ, ಮರೆಮಾಡದೆ, ಅದು ಕುಣಿಯಿತು, ಇಬ್ಬರೂ ನೋಡಿದರು. ಬಿಚ್ಚಿದಳು. ಬಿಗಿದದ್ದಕ್ಕಿಂತ ಬೇಗ ಬಿಚ್ಚಿದಳು.

ಹುಲ್ಲು ಒದ್ದೆ, ಮೈದಾನದಲ್ಲಿ ನರಪಿಳ್ಳೆಯಿಲ್ಲ, ಅತ್ತಿಗೆ ಕಾರಿನ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದಾಳೆ, ನೋಡಲಾರೆ ಅಂತ, ಅಣ್ಣ ಪೆಟ್ಟಿಗೆ ಹಿಡಿದು ನಿಂತಿದ್ದಾನೆ, ಅವಳು ಮೊಣಕಾಲೂರಿ ಬಾಲ ಹಿಡಿದಿದ್ದಾಳೆ, ಎಂಜಿನ್ ಪೂರ್ತಿ ಏರುವವರೆಗೆ ಯಾರಾದರೂ ಹಿಡಿದಿರಬೇಕು, ಅಣ್ಣ ತಲೆಯಾಡಿಸಿದಾಗ ಬಿಡಬೇಕು, ಅಷ್ಟೇ ಕೆಲಸ. ಈ ಮರದ್ದನ್ನು ಸೌಟಿನಂಥದ್ದು ಅಂದಿದ್ದಳಲ್ಲ, ಎಂಥ ಎಳೆತ ಅದರದ್ದು, ತೋಳು ಕಿತ್ತು ಬರುವ ಹಾಗಿದೆ, ಗಾಳಿ ಮುಖಕ್ಕೆ ರಾಚುತ್ತಿದೆ, ಕಣ್ಣಲ್ಲಿ ನೀರು, ಹಿಡಿತದ ಒಳಗೆ ಎಂಜಿನ್ನಿನ ಅದುರು, ಸಣ್ಣದು, ಒಂದೇ ಸಮನೆ — ಅದರ ನಡುವೆ ಇದೇನು, ಬೇರೆಯದು, ಬಾಲದ ಪಟ್ಟಿ ಅವಳ ಅಂಗೈಗೆ ಮೆಲ್ಲಗೆ ಬಡಿಯುತ್ತಿದೆ, ಟಕಟಕ, ಮೇಲೆ ಕೆಳಗೆ, ಎಂಜಿನ್ನಿನದಲ್ಲ, ಇದು ಅವನದು, ಅಲ್ಲಿ ಕಡ್ಡಿಯ ಮೇಲಿರುವ ಹೆಬ್ಬೆರಳು ಇಲ್ಲಿ ಅವಳ ಕೈಯೊಳಗೆ ನಡುಗುತ್ತಿದೆ, ಚಿಕ್ಕವಳಿದ್ದಾಗ ರಸ್ತೆ ದಾಟಿಸಲು ಹಿಡಿದುಕೊಳ್ಳುತ್ತಿದ್ದ ಕೈಯದು, ಹೇಗೆ ಬಿಡಲಿ ಅಣ್ಣ, ಹೇಗೆ ಬಿಡಲಿ — ಅವನು ತಲೆಯಾಡಿಸಿದ. ಬಿಟ್ಟಳು. ಹುಲ್ಲು ಸೀಳಿಕೊಂಡು ಹೋಯಿತು, ಬಾಲ ಎದ್ದಿತು, ಚಕ್ರ ನೆಲ ಬಿಟ್ಟಿತು, ಆಕಾಶ ನೋಡಬೇಕು, ನೋಡಲಾಗುತ್ತಿಲ್ಲ, ಬಿಚ್ಚಿದ ಅಂಗೈಗಳನ್ನೇ ನೋಡುತ್ತಿದ್ದಾಳೆ, ಖಾಲಿ, ಏನೂ ಇಲ್ಲ ಅವುಗಳಲ್ಲಿ, ಆದರೂ ಅಣ್ಣನ ಹೆಬ್ಬೆರಳು, ಟಕಟಕ, ಅಣ್ಣನ ಹೆಬ್ಬೆರಳು.