ನಲವತ್ತರಲ್ಲಿ ಒಂದು ಚೀಟಿ

ಔಷಧಿ ಅಂಗಡಿಯ ಕಾಂಪೌಂಡರಮ್ಮ ಇಂಗ್ಲಿಷ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದಳು. ಅದು ಪಾಸಾದರೆ ಮಾತ್ರ ಮುಂದಿನ ಓದಿಗೆ ಸೀಟು. ಬರುವ ಶನಿವಾರ ಮೂರನೆಯ ಸಲ. ವ್ಯಾಕರಣ ಹೇಗೋ ದಾಟುತ್ತಿತ್ತು. ಕೈ ಕೊಡುತ್ತಿದ್ದದ್ದು ಶಬ್ದಗಳು, ಆ ಭಾಷೆಯವರೇ ವರ್ಷಕ್ಕೊಮ್ಮೆಯೂ ಬಾಯಿಗೆ ತಂದುಕೊಳ್ಳದಂಥ ಶಬ್ದಗಳು. “ಇನ್ನು ನೀನು ಉಪ್ಪು ಕೇಳಿದ್ರೂ ನಾನು ಡಿಕ್ಷನರಿ ತೆಗೀಬೇಕು,” ಎಂದು ಗಂಡ ರೇಗಿಸುತ್ತಿದ್ದ.

ಅದಕ್ಕೆ ಅವಳೇ ಒಂದು ಉಪಾಯ ಕಂಡುಕೊಂಡಿದ್ದಳು. ಬಾಟಲಿಗೆ ಅಂಟಿಸುವ ಲೇಬಲ್ ಸುರುಳಿಯಿಂದಲೇ ಚೀಟಿ ಹರಿದು, ಶಬ್ದ ಬರೆದು, ಕೆಳಗೆ ಅರ್ಥ ಬರೆದು, ಡ್ರಾಯರಿಗೆ, ತಕ್ಕಡಿಗೆ, ಫ್ಯಾನಿನ ಸ್ವಿಚ್ಚಿನ ಪಕ್ಕಕ್ಕೆ, ಕೈಯಳತೆಯಲ್ಲಿದ್ದ ಯಾವುದಕ್ಕಾದರೂ ಅಂಟಿಸುವುದು. ಬೆಳಗ್ಗೆ ನಲವತ್ತು ಅಂಟಿಸಿ, ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ನಲವತ್ತನ್ನೂ ಕೀಳುತ್ತ ಅರ್ಥ ಒಪ್ಪಿಸುವುದು. ಜಾಣೆಯೇ, ಒಪ್ಪೋಣ. ಆದರೆ ಔಷಧಿ ಅಂಗಡಿಯಲ್ಲಿ ತೋರಿಸುವ ಜಾಣತನವಲ್ಲ ಅದು.

ಆ ಗುರುವಾರ ಮೂವತ್ತೊಂಬತ್ತೇ ಸಿಕ್ಕಿದವು. ಇನ್ನೊಂದನ್ನು ಹುಡುಕುತ್ತ ರಶೀದಿ ಪುಸ್ತಕ ಎತ್ತಿದರೆ ಅದರಡಿ ಅವಳದೇ ಅಕ್ಷರದ ಬೇರೊಂದು ಚೀಟಿ: ‘ಐದು ಹನಿ, ನೀರಿನಲ್ಲಿ, ದಿನಕ್ಕೆ ಒಮ್ಮೆ.’

ಬೆಳಗ್ಗೆ ಹತ್ತಕ್ಕೆ ಬಂದ ಗಡಿಯಾರ ರಿಪೇರಿಯ ತಾತನ ಬಾಟಲಿಗೆ ಹೋಗಬೇಕಿದ್ದ ಚೀಟಿ ಅದು, ಹೃದಯದ ಹನಿಮದ್ದಿನದು. ಹಾಗಾದರೆ ಬಾಟಲಿಯ ಮೇಲೆ ಹೋದದ್ದು ಯಾವುದು? ಆ ದಿನದ ಶಬ್ದಗಳ ಪಟ್ಟಿ ತೆಗೆದು ಬೆರಳಿಟ್ಟು ನೋಡಿದಳು. ಇಲ್ಲದ್ದು ಒಂದೇ, ‘ಕೋಪಿಯಸ್’. ಅದರ ಕೆಳಗೆ ಅವಳು ದಪ್ಪಕ್ಷರದಲ್ಲಿ ಅರ್ಥ ಬರೆದಿದ್ದಳು: ಧಾರಾಳವಾಗಿ, ಬೇಕಾದಷ್ಟು.

ಹತ್ತು ಹನಿ ದಾಟಿದರೆ ಆ ಮುದಿ ಎದೆ ತಡೆಯುವುದಿಲ್ಲ. ಡಾಕ್ಟರು ತಿಂಗಳಿಗೊಮ್ಮೆ ಲೆಕ್ಕ ಬದಲಿಸುತ್ತಿದ್ದರು, ಒಮ್ಮೆ ಮೂರು ಹನಿ, ಒಮ್ಮೆ ಏಳು. “ನೆನಪಿನ ಮೇಲೆ ಕುಡೀಬೇಡಿ ತಾತ, ಚೀಟಿ ನೋಡ್ಕೊಂಡು ಕುಡೀರಿ,” ಎಂದು ಗದರಿಸಿ ಗದರಿಸಿ ಅಭ್ಯಾಸ ಮಾಡಿಸಿದವಳೂ ಅವಳೇ. ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು.

ಅಂಗಡಿಗೆ ಬೀಗ ಹಾಕಿದಳೋ ಇಲ್ಲವೋ, ಓಡಿದಳು. ಎರಡು ಬೀದಿ, ಮೂರು ಮಹಡಿ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಉಳಿಯಿತು, ತಿರುಗಿ ನೋಡಲಿಲ್ಲ. ದೇವರೇ, ಕುಡಿದಿರಬಾರದು. ಅದೊಂದೇ ಮಾತು ಬಾಯಲ್ಲಿ. ಕಲಿತ ಶಬ್ದಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಬಾಗಿಲು ತೆಗೆದದ್ದು ತಾತನ ಅಕ್ಕ, ಕಿವಿ ಕೇಳದ ಮುದುಕಿ. “ಬಂದ್ಯಾ ಮಗಳೇ. ಅಂಗಡಿಯಿಂದ ಬಂದಾಗಿಂದ ಮಾತೇ ಆಡ್ತಿಲ್ಲ ಇವನು.”

ಕಾಂಪೌಂಡರಮ್ಮ ಅವಳನ್ನು ದಾಟಿಕೊಂಡು ಒಳಗೆ ನುಗ್ಗಿದಳು.

ತಾತ ಕೆಲಸದ ಮೇಜಿನ ಮುಂದೆ ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ರಿಪೇರಿಗೆ ಬಂದ ಗಡಿಯಾರಗಳಿಗೆಲ್ಲ ಯಾವುದು ಯಾರದು ಎಂದು ಬರೆದು ಸಾಲಾಗಿ ಜೋಡಿಸಿಟ್ಟಿದ್ದ. ನಡುವೆ ಆ ಬಾಟಲಿ.

“ಕುಡಿದ್ರಾ, ತಾತ?”

“ಇಲ್ಲಮ್ಮ. ಧೈರ್ಯ ಬರ್ಲಿಲ್ಲ.” ಅಕ್ಕನಿಗೆ ಕೇಳಿಸದೆಂದು ಗೊತ್ತಿದ್ದೂ ದನಿ ತಗ್ಗಿಸಿದ. “ಇಷ್ಟು ದಿನ ಹನಿ ಎಣಿಸಿ ಕೊಟ್ಟೋರು ನೀವು. ಇವತ್ತು ಬೇಕಾದಷ್ಟು ಕುಡಿ ಅಂತ ಬರೆದ್ರಿ. ಇನ್ನು ಎಣಿಸೋಕೆ ಏನೂ ಉಳಿದಿಲ್ಲ ಅಂತ ಡಾಕ್ಟ್ರು ಹೇಳಿರ್ಬೇಕು ಅಂದ್ಕೊಂಡೆ. ಅಕ್ಕಂಗೆ ಹೇಗೆ ಹೇಳ್ಲಿ ಅಂತ ಕೂತಿದ್ದೀನಿ, ಫೋನೂ ಎತ್ತದೆ.”

ಮೂರು ಗಂಟೆ ಹೊತ್ತು ಈ ಮನುಷ್ಯ ಹಾಗೆ ಕೂತಿದ್ದ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ತಪ್ಪು ನಂದು, ತಾತ. ಅದು ನಿಮ್ಮ ಚೀಟಿ ಅಲ್ಲ. ಪರೀಕ್ಷೆಗೆ ಅಂತ ಕಲೀತಿದ್ದ ಒಂದು ಶಬ್ದ.”

ತಾತ ಅವಳ ಮುಖವನ್ನೇ ನೋಡಿದ.

“ಹಾಗಾದ್ರೆ ನಾನು ಸಾಯಲ್ವಾ?”

“ಇಲ್ಲ, ತಾತ,” ಎಂದಳು ಅವಳು. ಹಳೆಯ ಚೀಟಿ ಕಿತ್ತು, ಜೊತೆಗೆ ತಂದಿದ್ದ ಸರಿಯಾದ ಚೀಟಿ ಅಂಟಿಸಿದಳು. ಹನಿ ಹಾಕಲು ಹೋದರೆ ಬೆರಳು ನಡುಗಿತು. ತಾತನ ಕೈಗೆ ಕೊಟ್ಟರೆ ಅವನದು ಇನ್ನೂ ಹೆಚ್ಚು ನಡುಗುತ್ತಿತ್ತು.

ಏನೊಂದೂ ಕೇಳಿಸದ ಅಕ್ಕ ಮುಂದೆ ಬಂದು ಬಾಟಲಿ ಕಸಿದುಕೊಂಡಳು. ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿದಳು. ನೀರಿನ ಲೋಟದ ಮೇಲೆ ಬಗ್ಗಿ, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿ, ಐದಕ್ಕೆ ನಿಲ್ಲಿಸಿದಳು.