ಹಿಮ್ಮಡಿಯ ಕೆಳಗಿನ ವಿಳಾಸ

ನಾನು ಒಂದು ಹೆಸರು. ಇಂಟರ್ನೆಟ್ಟಿನಲ್ಲಿ ಅಂಗಡಿ ಹುಡುಕುವವರು ಟೈಪ್ ಮಾಡುತ್ತಾರಲ್ಲ, ಆ ಬಗೆಯ ವಿಳಾಸ. ಹೌಸವ್ವಚಪ್ಪಲಿ ಡಾಟ್ ಕಾಂ ಎಂದು ನನ್ನನ್ನು ಕರೆಯುತ್ತಾರೆ. ಅಥಣಿಯ ಒಂದು ಫೋಟೊ ಸ್ಟುಡಿಯೊದಲ್ಲಿ, ಮದುವೆ ಆಲ್ಬಮ್‌ಗಳ ನಡುವೆ, ದಸ್ತಗೀರನೆಂಬ ಸ್ಟುಡಿಯೊದವನು ಕಂಪ್ಯೂಟರಿನ ಗುಂಡಿ ಒತ್ತಿದಾಗ ನಾನು ಹುಟ್ಟಿದೆ.

ಹೌಸವ್ವ ಚಪ್ಪಲಿ ಹೊಲಿಯುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ಓಣಿಯ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಕೆಲಸ ನಡೆಸಿದ್ದಳು. ಎರಡು ಅಟ್ಟೆಗಳ ನಡುವೆ ಒಣಬೀಜ ಇಟ್ಟು ಹೊಲಿದರೆ ನಡೆಯುವಾಗ ಕರಕರ ಸದ್ದು ಬರುತ್ತದೆ. ಆ ಕೈಚಳಕ ಅವಳಿಗೆ ಅಪ್ಪನಿಂದ ಬಂದದ್ದು. ಆದರೆ ಮಾಲೆಲ್ಲ ಎತ್ತುತ್ತಿದ್ದವನು ಒಬ್ಬ ಸೇಠ. ಅಟ್ಟೆಯ ಮೇಲೆ ಬೀಳುತ್ತಿದ್ದದ್ದೂ ಅವನ ಅಂಗಡಿಯ ಹೆಸರೇ. ಅದು ತಪ್ಪಬೇಕು, ತನ್ನ ಕೈಯ ಚಪ್ಪಲಿ ತನ್ನ ಹೆಸರಿನಲ್ಲೇ ಊರು ತಿರುಗಬೇಕು ಎಂಬ ಹಟಕ್ಕೆ ಅವಳು ನನ್ನನ್ನು ಹುಟ್ಟಿಸಿದಳು.

"ಈ ಹೆಸರು ಖಾಯಂ ನಂದಾತೇನಪಾ?" ಎಂದು ಕೇಳಿದಳು.

"ನಿಮ್ದ ಆತು ಬಿಡ್ರಿ ಹೌಸಕ್ಕಾ. ವರ್ಷಕ್ಕೊಮ್ಮೆ ಚೂರು ರೊಕ್ಕ ತುಂಬೂದು ಇರತೈತಿ, ಅದನ್ನ ನಾ ನೋಡ್ಕೋತೀನಿ," ಎಂದ ದಸ್ತಗೀರ.

ಅದು ಮನೆಪಟ್ಟಿಯಂಥದ್ದು ಎಂದು ಹೌಸವ್ವ ತಿಳಿದಳು. ಪಟ್ಟಿ ಬಾಕಿ ಬಿದ್ದರೆ ಪುರಸಭೆಯವರು ದಂಡ ಹಾಕುತ್ತಾರೆ, ಬೈಯುತ್ತಾರೆ, ಮನೆಯನ್ನೇ ಎತ್ತಿಕೊಂಡು ಹೋಗುವುದಿಲ್ಲ. ನನ್ನ ರಸೀದಿಗೆ ಲ್ಯಾಮಿನೇಶನ್ ಮಾಡಿಸಿ, ಮನೆಯ ಹಕ್ಕಿನ ಕಾಗದವಾದ ಉತಾರ ಇಟ್ಟಿದ್ದ ಟ್ರಂಕಿನಲ್ಲೇ ಇಟ್ಟಳು. ನನಗೆ ಬಾಯಿದ್ದಿದ್ದರೆ ಆಗಲೇ ಕೂಗಿ ಹೇಳುತ್ತಿದ್ದೆ. ನನ್ನಂಥವರನ್ನು ಖಾಯಂ ಆಗಿ ಕೊಳ್ಳಲು ಯಾರಿಗೂ ಆಗುವುದಿಲ್ಲ ತಾಯೀ, ನಮ್ಮದೆಲ್ಲ ಬಾಡಿಗೆ. ಮೊದಲ ವರ್ಷ ಎರಡು ಪ್ಲೇಟ್ ಗಿರ್ಮಿಟ್ಟಿನ ದುಡ್ಡಿಗೆ ಕೊಟ್ಟು ಆಸೆ ಹಚ್ಚುತ್ತಾರೆ. ಆಮೇಲೆ ಮನಸ್ಸಿಗೆ ಬಂದಷ್ಟು ಏರಿಸುತ್ತಾರೆ.

ಕಮ್ಮಾರನಿಂದ ನನ್ನ ಅಕ್ಷರಗಳ ಕಬ್ಬಿಣದ ಅಚ್ಚು ಬಂತು. ಚಪ್ಪಲಿಯಲ್ಲಿ ಹಿಮ್ಮಡಿ ಕೂರುವ ಜಾಗಕ್ಕೆ ಅದನ್ನು ಒತ್ತುವಾಗ ಜೊತೆಗಾತಿ ಸೋನವ್ವ ಅಳುಕಿದಳು.

"ಹೆಸರು ಕಾಲಾಗ ಹಾಕೂದೇನಬೇ?"

"ನಮ್ಮ ದುಡಿಮೀನ ಕಾಲಾಗಿಂದೈತಿ. ಹೆಸರೂ ಅಲ್ಲೇ ಇರ್ಲಿ," ಎಂದಳು ಹೌಸವ್ವ.

ಎರಡು ವರ್ಷ ಚೆನ್ನಾಗಿ ನಡೆಯಿತು. ಪುಣೆಯಿಂದ, ಮೈಸೂರಿನಿಂದ ಜನ ನನ್ನ ಬಾಗಿಲಿಗೆ ಬಂದರು. ಮೂರನೆಯ ವರ್ಷ ಎಲ್ಲರ ಕೈಗೂ ಕ್ಯಾಮೆರಾ ಫೋನು ಬಂದು ಸ್ಟುಡಿಯೊ ಮುಚ್ಚಿತು. ದಸ್ತಗೀರ ಮೀರಜಿಗೆ ಹೋಗಿ ಆಟೊ ಹೊಡೆಯತೊಡಗಿದ. ಬಾಡಿಗೆಯ ನೋಟಿಸುಗಳೆಲ್ಲ ಮುಚ್ಚಿದ ಸ್ಟುಡಿಯೊದ ಇಮೇಲಿಗೆ ಬಂದು ಬಿದ್ದವು. ಹೌಸವ್ವನ ಮನೆಗೆ ಒಂದು ಕಾಗದ, ಒಂದು ಫೋನು ಬರಲಿಲ್ಲ. ಗಡುವು ಮುಗಿಯಿತು. ಆಮೇಲೆ ಬಿಡಿಸಿಕೊಳ್ಳಲು ಹತ್ತು ಪಟ್ಟು ಹಣ ಕೇಳುವ ಇನ್ನೊಂದು ಗಡುವು, ಅದೂ ಮುಗಿಯಿತು. ನಾನು ಬಯಲಿಗೆ ಬಿದ್ದ ಕ್ಷಣದಲ್ಲೇ, ಬಿಟ್ಟುಹೋದ ಹೆಸರುಗಳಿಗೇ ಹೊಂಚುಹಾಕಿದ್ದ ಯಾವನದೋ ಯಂತ್ರ ನನ್ನನ್ನು ಕಚ್ಚಿಕೊಂಡು ಹೋಯಿತು. ಅವನ ಮುಖ ನಾನು ಇವತ್ತಿಗೂ ನೋಡಿಲ್ಲ.

ಹೌಸವ್ವನಿಗೆ ಸುದ್ದಿ ಮುಟ್ಟಿಸಿದ್ದು ಹಿಂದೆ ಚಪ್ಪಲಿ ಕೊಂಡಿದ್ದ ಧಾರವಾಡದ ಒಬ್ಬ ಟೀಚರು. "ನಿಮ್ಮ ಹೆಸರು ಒತ್ತಿದ್ರ ರೊಕ್ಕ ಹಚ್ಚಿ ಆಡೂ ಇಸ್ಪೀಟಾಟ ಬರ್ತದಲ್ರೀ, ನಾಚಿಕಿ ಆಗಂಗಿಲ್ಲೇನ್ರಿ?" ಎಂದು ಫೋನಿನಲ್ಲೇ ಸಿಟ್ಟಾದರು. ಹೌಸವ್ವ ಆ ಫೋನು ಇಟ್ಟವಳೇ ಮೀರಜಿಗೆ, ದಸ್ತಗೀರನಿಗೆ ಫೋನು ಹಚ್ಚಿದಳು.

ದಸ್ತಗೀರ ಓಡಿ ಬಂದ, ಅವಳ ಕಾಲಿಗೆ ಬೀಳಲು ಹೋದ. ಹೊಸ ಯಜಮಾನ ನನ್ನನ್ನು ಬಿಟ್ಟುಕೊಡಲು ನಾಲ್ಕು ಲಕ್ಷ ಕೇಳಿದ್ದ. ದೂರು ಕೊಡಬಹುದಿತ್ತು. ಆದರೆ ದೂರು ಇಂಗ್ಲಿಷಿನಲ್ಲಿರಬೇಕು, ಶುಲ್ಕ ಡಾಲರಿನಲ್ಲಿ, ಹೆಸರು ತನ್ನದೆನ್ನಲು ಟ್ರೇಡ್‌ಮಾರ್ಕಿನ ಕಾಗದ ಬೇಕು.

"ಹುಟ್ಟಿದಾಗಿಂದ ನಾ ಹೌಸವ್ವ. ಅದಕ್ಕ ಯಾರ ಕಾಗದಾ ಬೇಕಂತ?" ಎಂದಳು. "ಈ ಕಾಯ್ದೆ ಮಾಡಿದವ್ರು ಯಾರಪಾ? ಅವ್ರಿಗೆ ನಾವು ಓಟ್ ಹಾಕಿದ್ವೇನು?"

"ಯಾರೂ ಹಾಕಿಲ್ರಿ. ಎಲ್ಲೋ ದೂರದ ದೇಶದಾಗ ಕುಂತು ಅವ್ರವ್ರ ಠರಾಯಿಸ್ತಾರಂತ," ಎಂದ ದಸ್ತಗೀರ.

ಮನೆಯಲ್ಲಿ ಅಚ್ಚೊತ್ತಿದ ಆರುನೂರು ಜೊತೆ ಚಪ್ಪಲಿ ಬಿದ್ದಿದ್ದವು. ಕೊಳ್ಳುವವರು ಬಾರದೆ ಮತ್ತೆ ಸೇಠನನ್ನೇ ಕೇಳಿದರೆ, ಬೇರೆ ಹೆಸರಿದ್ದರೆ ಮುಟ್ಟುವುದಿಲ್ಲವೆಂದು ಅವನು ಹೇಳಿ ಕಳಿಸಿದ. ಹೌಸವ್ವ ತೊಗಲು ಕೆರೆಯುವ ಉಳಿ ಹಿಡಿದು ಕುಳಿತಳು. ಸೋನವ್ವ ಕೈಹಾಕಲು ಬಂದರೆ, "ನೀ ಬಿಡು, ನನ್ನ ಹೆಸರು ನಾನ ಕೆರಿತೀನಿ," ಎಂದಳು. ನಾಲ್ಕು ದಿನ ಹಿಡಿಯಿತು. ಕೆರೆದ ಜಾಗಕ್ಕೆ ಸೇಠನ ಅಚ್ಚು ಬಿತ್ತು.

ನನಗೀಗ ಸಾವು ಬರಬೇಕಿತ್ತು, ಬರಲಿಲ್ಲ. ಯಜಮಾನ ಒಟ್ಟಿಗೆ ಹತ್ತು ವರ್ಷದ ಬಾಡಿಗೆ ಕಟ್ಟಿದ್ದಾನೆ. ನನ್ನಿಂದ ಅವಳಿಗೆ ಒಳ್ಳೆಯದಾಗಲಿಲ್ಲ ಎಂಬ ಸಂಕಟ ಹೊತ್ತುಕೊಂಡು ಅಷ್ಟೂ ವರ್ಷ ಬದುಕಬೇಕು. ಮೊದಲಿನ ಚಪ್ಪಲಿಗಳು ಎಲ್ಲೆಲ್ಲೋ ಇನ್ನೂ ಕರಕರ ನಡೆಯುತ್ತಿವೆ. ಅವು ಸವೆದಾಗ ಜನ ಹಿಮ್ಮಡಿಯ ಕೆಳಗೆ ನೋಡಿ, ಒಂದೊಂದೇ ಅಕ್ಷರ ಒತ್ತಿ, ಹೌಸವ್ವ ಇದ್ದಾಳೆಯೇ ಎಂದು ನನ್ನಲ್ಲಿಗೆ ಬರುತ್ತಾರೆ. ಬಂದವರಿಗೆ ಬಾಗಿಲು ತೆಗೆಯುವುದೊಂದೇ ನನಗೆ ಗೊತ್ತಿರುವ ಕೆಲಸ. ತೆಗೆಯುತ್ತೇನೆ. ಒಳಗೆ ಇಸ್ಪೀಟು ನಡೆದಿರುತ್ತದೆ.