ಅಪ್ಪನ ಏರಿಗೊಂದು ಅಚ್ಚು

ಎಪ್ಪತ್ತು ದಾಟಿದ ಅಪ್ಪ ಹಟ ಹಿಡಿದು ಕೂತ. "ಅರವಂಕಾಡಿಂದ ನಮ್ಮ ಹಟ್ಟಿವರೆಗೆ ಒಂದೇ ಒಂದು ಸಲ, ಕಾಲು ನೆಲಕ್ಕೆ ತಾಗಿಸದೆ ತುಳಿಬೇಕು ಸರವಣ. ಸೈಕಲ್ಲನ್ನ ಹಂಗೆ ಮಾಡಿಕೊಡು."

ನನಗೆ ನಗು ಬಂತು. ಅರವಂಕಾಡಿನ ಸಿಡಿಮದ್ದಿನ ಫ್ಯಾಕ್ಟರಿಯಲ್ಲಿದ್ದಷ್ಟು ವರ್ಷವೂ, ಸಂಜೆ ಪಾಳಿ ಮುಗಿದು ಸೈರನ್ನಿನ ಸಂಗು ಕೂಗಿದ ಮೇಲೆ ಇದೇ ಕರಿ ಸೈಕಲ್ಲಿನಲ್ಲಿ ಒಮ್ಮೆಯೂ ಇಳಿಯದೆ ಏರಿ ಬರುತ್ತಿದ್ದೆ ಎಂದು ಕೊಚ್ಚಿಕೊಂಡ ಮನುಷ್ಯ ಇವನು. ನಾನು ಚಿಕ್ಕವನಿದ್ದಾಗ ಏದುಸಿರು ಬಿಟ್ಟರೆ ಸಾಕು, ಆ ಪುರಾಣ ಶುರುವಾಗುತ್ತಿತ್ತು. ಈಗ ನೋಡಿದರೆ ಮುಂದೆ ಸಣ್ಣ ಹಲ್ಲುಚಕ್ರ ಬೇಕಂತೆ, ಹಿಂದೆ ಎಂಟು ಗೇರು ಬೇಕಂತೆ!

ಇಂಥ ಬದಲಾವಣೆಯ ಪಜೀತಿಯೆಲ್ಲ ಇರುವುದು ಬಾಟಮ್ ಬ್ರಾಕೆಟ್ಟಿನಲ್ಲಿ, ಅಂದರೆ ಎರಡು ಪೆಡಲ್‌ಗಳ ನಡುವೆ ತಿರುಗುವ ಅಚ್ಚಿನಲ್ಲಿ. ಅಚ್ಚು ಉದ್ದವಾದರೆ ಚೈನು ಓರೆಯಾಗಿ ಓಡಿ, ಸರಿಯಾಗಿ ಏರಿನಲ್ಲೇ ಕಳಚಿಕೊಳ್ಳುತ್ತದೆ. ಗಿಡ್ಡವಾದರೆ ಹಲ್ಲುಚಕ್ರ ಫ್ರೇಮಿಗೆ ಉಜ್ಜುತ್ತದೆ. ಊಟಿಯ ಅಂಗಡಿಗೆ ಅಲೆದಲೆದು, ತಂದದ್ದನ್ನೇ ವಾಪಸ್ ಕೊಟ್ಟು ಬೈಸಿಕೊಂಡೆ.

ಬಿಚ್ಚಿಟ್ಟಿದ್ದ ಹಳೆಯ ಅಚ್ಚನ್ನು ಅಳತೆಗೆಂದು ಕೈಗೆತ್ತಿಕೊಂಡಾಗ ಅಪ್ಪ ಪಕ್ಕದಲ್ಲೇ ಕೂತಿದ್ದ. ಗ್ರೀಸು ಒರೆಸಿದೆ. ತುಳಿದು ಓಡಿಸಿದ ಸೈಕಲ್ಲಿನ ಅಚ್ಚು ಸುತ್ತಲೂ ಸವೆದಿರಬೇಕು. ಇದು ಹೊಸದರ ಹಾಗೆ ಹೊಳೆಯುತ್ತಿತ್ತು. ಬೇರಿಂಗ್ ಗುಂಡುಗಳು ಕೂರುವ ಬಟ್ಟಲಲ್ಲಿ ಮಾತ್ರ ಒಂದೇ ಕಡೆ ಗುಳಿಗಳು. ಪೆಡಲ್ ಅಲುಗಿಸದೆ, ಅದರ ಮೇಲೆ ಭಾರ ಹಾಕಿ ನಿಂತು ಬೆಳಗಿನ ಇಳಿಜಾರಲ್ಲಿ ಜಾರಿ ಹೋದ ಗುರುತು ಅದು. ಹಾಗಾದರೆ ಸಂಜೆ ಏರಿ ಬಂದದ್ದು?

ನಾನು ತಲೆಯೆತ್ತುವಷ್ಟರಲ್ಲಿ ಅಪ್ಪ ಟೀ ಗಿಡಗಳ ಕಡೆ ಮುಖ ಮಾಡಿದ್ದ. "ತಳ್ಳಿಕೊಂಡೇ ಬರ್ತಿದ್ದೆ. ಮನೆ ಕಾಣೋ ಕೊನೆ ತಿರುವಲ್ಲಿ ಹತ್ತಿ ಕೂರ್ತಿದ್ದೆ. ನಿನ್ನ ಅವ್ವೆಗೆ ಹೇಳಬೇಡ. ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಅದನ್ನ ನಿಜ ಮಾಡಿಬಿಡ್ತೀನಿ."

ಬೈಯೋಣವೆಂದುಕೊಂಡವನು ಆ ಹಳೆಯ ಅಚ್ಚನ್ನು ಇನ್ನೊಮ್ಮೆ ಒರೆಸಿ ಪಕ್ಕಕ್ಕಿಟ್ಟೆ. ಮುದುಕನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ. ಮತ್ತೆ ಅಳತೆ ತೆಗೆದು ನಡುವಿನ ಉದ್ದದ ಅಚ್ಚು ತಂದು ಕೂರಿಸಿದೆ. ಚೈನು ದಾರ ಎಳೆದ ಹಾಗೆ ನೇರ ನಿಂತಿತು.

ಭಾನುವಾರ ಅಪ್ಪ ಫ್ಯಾಕ್ಟರಿ ಗೇಟಿನಿಂದ ಹೊರಟ. ನಾನು ಬೈಕಿನಲ್ಲಿ ಹಿಂದೆಯೇ ಇದ್ದೆ. ಆಮೆಯ ವೇಗವಾದರೂ ಏರಿದ, ಕಾಲು ಕೆಳಗಿಡಲೇ ಇಲ್ಲ. ಕೊನೆ ತಿರುವಿಗೆ ಬಂದರೆ ರಸ್ತೆಯ ನಡುವೆ ಅವ್ವೆ.

"ಇಳಿ," ಎಂದಳು.

"ಇನ್ನು ಇಷ್ಟೇ ದೂರ, ಬಿಡವ್ವೆ!" ಎಂದು ನಾನು ಕೂಗಿದೆ.

ಅವಳು ನನ್ನ ಕಡೆ ನೋಡಲೂ ಇಲ್ಲ. "ಮೇಲಿನ ತೋಟದಿಂದ ದಿನಾ ಕಾಣ್ತಿತ್ತು, ನೀನು ತಳ್ಳಿಕೊಂಡು ಬರೋದು. ನೀನು ಹತ್ತಿ ಕೂರೋವರೆಗೂ ಗಿಡದ ಮರೆಯಲ್ಲೇ ನಿಂತಿರ್ತಿದ್ದೆ, ನಿನಗೆ ನಾಚಿಕೆ ಆಗಬಾರದೂಂತ. ಓಡಿ ಬಂದು ಜೊತೆಗೆ ನಡೀಬೇಕು ಅಂತ ಎಷ್ಟು ಆಸೆಯಿತ್ತು ಗೊತ್ತಾ?"

ನನ್ನ ಇಷ್ಟು ದಿನದ ದುಡಿಮೆ ಮಣ್ಣುಪಾಲಾಗುತ್ತಿದೆ ಎಂದು ಸಿಟ್ಟೇ ಬಂತು. ಅಪ್ಪ ಬ್ರೇಕು ಹಿಡಿದ. ಒಂದು ಕಾಲು ಇಳಿಸಿದ, ಆಮೇಲೆ ಇನ್ನೊಂದು. ಅವ್ವೆ ಹ್ಯಾಂಡಲ್ಲಿನ ಒಂದು ಕಡೆ ಹಿಡಿದುಕೊಂಡಳು.